ಲೂಸಿಫೆರೇಸ್ ಬೆಳಕು ಎ1ರಿಂದ ಎಚ್12ಕ್ಕೆ ಇಳಿಯುತ್ತಿದ್ದರೆ
ಗಿಡದ ಸಾರ ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡಲು ನೀವು ಸೂಡೋವೈರಸ್ (ಕೋಶ ಹೊಕ್ಕರೂ ವೃದ್ಧಿಯಾಗದ ನಕಲಿ ವೈರಸ್) ಬಳಸುತ್ತಿದ್ದೀರಿ; ಅದು ಹೊಕ್ಕ ಕೋಶ ಲೂಸಿಫೆರೇಸ್ ಎಂಬ ಬೆಳಕು ಕೊಡುವ ಕಿಣ್ವ ತಯಾರಿಸುತ್ತದೆ. ಪ್ಲೇಟಿನ 96 ಬಾವಿಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಮೊದಲನೆಯ ಎ1ರಿಂದ ಕೊನೆಯ ಎಚ್12ರವರೆಗೆ ಬೆಳಕು ಇಳಿಯುತ್ತಿದೆ ಅಂದಿರಿ. ಸಾರ ಹಾಕದ ಬಾವಿಗಳಲ್ಲೂ ಇಳಿಯುತ್ತಿದೆ ಅಂದರೆ ದೋಷ ಬಹುಶಃ ನಿಮ್ಮ ಸೂಡೋವೈರಸ್‌ನದ್ದಲ್ಲ, ಓದುವ ಕ್ರಮದ್ದು. ಫ್ಲಾಶ್ ಕಿಟ್‌ನ (ಜೋರಾಗಿ ಮಿಂಚಿ ಬೇಗ ಆರುವ ಬಗೆಯ ಕಿಟ್‌ನ) ಬೆಳಕು ಕೆಲವೇ ನಿಮಿಷಗಳಲ್ಲಿ ಕುಂದುತ್ತದೆ. 96 ಬಾವಿಗೂ ರೀಯೇಜೆಂಟ್ (ಬೆಳಕು ಬರಿಸುವ ದ್ರವ) ಕೈಯಲ್ಲಿ ಹಾಕಿ ಆಮೇಲೆ ಓದಿದರೆ ಕೊನೆಯ ಬಾವಿಯ ಸರದಿ ಬರುವಾಗ ತಡವಾಗಿರುತ್ತದೆ.

ಒಂದೇ ಲೈಸೇಟನ್ನು (ಕೋಶ ಒಡೆದ ದ್ರವವನ್ನು) ಎಲ್ಲ ಬಾವಿಗೂ ಹಾಕಿ, ಬೆನ್ನುಬೆನ್ನಿಗೆ ಎರಡು ಸಲ ಓದಿ. ಎರಡನೆಯ ಸಲ ಇಡೀ ಪ್ಲೇಟಿನ ಬೆಳಕೇ ಇಳಿದರೆ ಕಾರಣ ಇದೇ. ಇಂಜೆಕ್ಟರ್ ಇರುವ, ಅಂದರೆ ಪ್ರತಿ ಬಾವಿಗೂ ತಾನೇ ರೀಯೇಜೆಂಟ್ ಹಾಕಿ ಕೂಡಲೇ ಓದುವ ರೀಡರ್ ಬಳಸಿ, ಇಲ್ಲವಾದರೆ ಬೆಳಕು ಹೆಚ್ಚು ಹೊತ್ತು ನಿಲ್ಲುವ ಗ್ಲೋ ಕಿಟ್‌ಗೆ ಬದಲಿಸಿ.

ಇಳಿಯದಿದ್ದರೆ ಉಷ್ಣತೆ ನೋಡಿ. ರೀಯೇಜೆಂಟ್ ತಣ್ಣಗಿರುವಾಗಲೇ ಹಾಕಬೇಡಿ. ಮಿಂಚುಹುಳದ ಈ ಕಿಣ್ವಕ್ಕೆ 25 ಡಿಗ್ರಿ ಆಸುಪಾಸು ಹಿತ. ಕಾಸರಗೋಡಿನ ಏಪ್ರಿಲ್ ಸೆಕೆಗೆ ಕರೆಂಟ್ ಹೋಗಿ ಏಸಿ ನಿಂತರೆ ಕಿಟ್ ಹಾಳೆಯ 'ಕೋಣೆಯ ಉಷ್ಣತೆ' ಬರೀ ಮಾತು. ಪ್ಲೇಟ್ ಬಿಳಿಯದ್ದೇ ಇರಲಿ, ಪಾರದರ್ಶಕವಾದರೆ ಪಕ್ಕದ ಬಾವಿಯ ಬೆಳಕು ಸೋರುತ್ತದೆ.

ನನಗೆ ಹೆಚ್ಚು ಚಿಂತೆ ನಿಮ್ಮ ಗಿಡದ ಸಾರದ್ದು. ಗಿಡಗಳಲ್ಲಿರುವ ರೆಸ್ವೆರಾಟ್ರಾಲ್‌ನಂಥ ಪಾಲಿಫಿನಾಲ್ ರಾಸಾಯನಿಕಗಳು ಲೂಸಿಫೆರೇಸನ್ನೇ ತಡೆಯುತ್ತವೆ. ಸಾರದ ಬಣ್ಣವೂ ಬೆಳಕನ್ನು ನುಂಗುತ್ತದೆ. ಆಗ ವೈರಸ್ ತಡೆಯಾದಂತೆ ಸುಳ್ಳೇ ಕಾಣುತ್ತದೆ. ಸಾರ ಹಾಕದ, ವೈರಸ್ ಹೊಕ್ಕ ಕೋಶಗಳ ಲೈಸೇಟಿಗೆ ಅದೇ ಪ್ರಮಾಣದ ಸಾರ ಬೆರೆಸಿ ಓದಿ. ಅದೇ ಲೈಸೇಟಿನ ಇನ್ನೊಂದು ಪಾಲಿಗೆ ಸಾರ ಕರಗಿಸಿದ ದ್ರಾವಕವನ್ನು ಮಾತ್ರ ಹಾಕಿ. ಮೊದಲನೆಯದರಲ್ಲಿ ಮಾತ್ರ ಬೆಳಕು ಬಿದ್ದರೆ ಆ ಫಲಿತಾಂಶ ನಂಬಬೇಡಿ. ಕೋಶ ಬದುಕಿದೆಯೇ ಎಂದು ಪರೀಕ್ಷಿಸಲು ಎಟಿಪಿ (ಕೋಶದ ಶಕ್ತಿಯ ಅಣು) ಅಳೆಯುವ ಕಿಟ್ ಬೇಡ, ಅದರಲ್ಲೂ ಲೂಸಿಫೆರೇಸೇ ಇರುತ್ತದೆ. ಜೀವಂತ ಕೋಶದಲ್ಲಿ ಬಣ್ಣ ಬದಲಾಗುವ ರೆಸಾಜುರಿನ್ ಹಾಕಿ, ಆದರೆ ಸಾರವೇ ಆ ಬಣ್ಣ ಬದಲಿಸುತ್ತಿದೆಯೇ ಎಂದು ತಿಳಿಯಲು ಕೋಶವಿಲ್ಲದ ಬಾವಿಗೂ ಸಾರ ಹಾಕಿ ಹೋಲಿಸಿ.