ನೈಜರ್‌ನ ಮುಖಂಡರಿಗೆ ಹವಾಮಾನ ಮತ್ತು ಕೃಷಿ ತರಬೇತಿ: ಹತ್ತು ದಿನದಲ್ಲಿ ಏನು ಕಲಿಸಬೇಕು?

ನೀವು ಕೃಷಿ ಪದವೀಧರರು. ಪಶ್ಚಿಮ ಆಫ್ರಿಕಾದ ನೈಜರ್‌ನ ಕಮ್ಯೂನ್ (ಸ್ಥಳೀಯ ಆಡಳಿತ ಘಟಕ) ಆಡಳಿತಗಾರರು, ಕೃಷಿ ಅಧಿಕಾರಿಗಳು, ರೈತ ಸಂಘದ ಮುಖಂಡರಿಗೆ ಹತ್ತು ದಿನ ತರಬೇತಿ ಕೊಡಬೇಕಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಹಸಿರುಮನೆ ಅನಿಲದ ಸ್ಲೈಡುಗಳಿಂದ ಶುರು ಮಾಡಬೇಡಿ, ಅವರ ಊರಿನ ಮಳೆಯಿಂದ ಮಾಡಿ. ಹತ್ತಿರದ ಮಳೆಮಾಪನ ಕೇಂದ್ರದ 30 ವರ್ಷಗಳ ದಿನವಹಿ ಲೆಕ್ಕವನ್ನು ಹವಾಮಾನ ಇಲಾಖೆಯಿಂದ ಮೊದಲೇ ತರಿಸಿಕೊಳ್ಳಿ. ಒಟ್ಟು ಮಳೆ, ಮಳೆಗಾಲ ಶುರುವಾದ ದಿನ, ಹಂಗಾಮಿನ ಉದ್ದ, ಈ ಮೂರಕ್ಕೂ ಒಂದೊಂದು ಗ್ರಾಫ್ ಬರೆಸಿ. ಆಮೇಲೆ ಕೇಳಿ: ನಿಮ್ಮ ಸಜ್ಜೆ ತಳಿಗೆ 90 ದಿನ ಬೇಕಾದರೆ, 30ರಲ್ಲಿ ಎಷ್ಟು ವರ್ಷ ಅಷ್ಟು ದಿನ ಸಿಕ್ಕಿದೆ? ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯ ರೂಪಿಸಿದ ‘ಪಿಕ್ಸಾ’ ವಿಧಾನದ ತಿರುಳು ಇದೇ. 1970–80ರ ದಶಕಗಳ ಬರದ ನಂತರ ಸಾಹೇಲ್‌ನ (ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಪಟ್ಟಿ) ಒಟ್ಟು ಮಳೆ ಒಂದಷ್ಟು ಚೇತರಿಸಿದೆ, ಆದರೆ ಬಿರುಮಳೆಗಳು ಹೆಚ್ಚಿವೆ. ಸುರಿದ ನೀರು ಹರಿದು ಹೋಗುತ್ತಿದೆ ಎಂಬುದು ಅವರಿಗೇ ಹೊಳೆದರೆ ಮುಂದಿನ ಪಾಠ ಸಲೀಸು.

ಹಂಗಾಮಿನ ಮುನ್ಸೂಚನೆ ಓದುವುದಕ್ಕೂ ಅರ್ಧ ದಿನ ಕೊಡಿ. ಮಳೆಯ ಸಾಧ್ಯತೆ ನೂರರಲ್ಲಿ ‘ಕಡಿಮೆ 45, ಸಾಧಾರಣ 30, ಹೆಚ್ಚು 25’ ಎಂದಾಗ ಬಹಳ ಜನ ಬರ ಖಚಿತ ಎಂದುಕೊಳ್ಳುತ್ತಾರೆ. ನೂರರಲ್ಲಿ 55 ಪಾಲು ಹಾಗಾಗದೆ ಇರಬಹುದು. ಬಿತ್ತನೆ ಬೀಜದ ದುಡ್ಡನ್ನು ಪೂರ್ತಿ ಒಂದೇ ತಳಿಗೆ ಸುರಿಯುವ ಅಧಿಕಾರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು.

ಮೂರನೇ ದಿನದಿಂದ ಹೊಲಕ್ಕೆ ಹೋಗಿ. ಬುರ್ಕಿನಾ ಫಾಸೊದ ಯಾತೆಂಗಾದಲ್ಲಿ ಯಾಕೂಬಾ ಸವಾಡೊಗೊ ಮತ್ತಿತರ ರೈತರು ಸುಧಾರಿಸಿದ ‘ಜೈ’ ಗುಂಡಿಗೆ (ಮಳೆನೀರು ಹಿಡಿದು ಬೀಜ ಬಿತ್ತುವ ಸಣ್ಣ ಗುಂಡಿ) ನೈಜರ್‌ನ ಹೌಸಾ ಮಾತಿನಲ್ಲಿ ‘ತಸ್ಸಾ’ ಎನ್ನುತ್ತಾರೆ. 1989ರಲ್ಲಿ ಇಲ್ಲೆಲಾ ಭಾಗದ ಕೆಲವು ರೈತರು ಯಾತೆಂಗಾಗೆ ಹೋಗಿ ಕಣ್ಣಾರೆ ನೋಡಿ ಬಂದ ಮೇಲೆ ಅದು ನೈಜರ್‌ನಲ್ಲಿ ಹಬ್ಬಿತು. ಆದ್ದರಿಂದ ಗುಂಡಿಯ ಪಾಠವನ್ನು ನೀವು ಮಾಡಬೇಡಿ, ಅದನ್ನು ಮಾಡಿ ಉಂಡ ರೈತರಿಂದಲೇ ಹೇಳಿಸಿ.

ಅಳತೆ ಹೀಗೆ: ಅಗಲ 20–40 ಸೆಂ.ಮೀ., ಆಳ 10–20, ಗುಂಡಿಯಿಂದ ಗುಂಡಿಗೆ 70–100. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಏರಿಸಬೇಕು. ಮೇಲ್ಬದಿಗೆ ಹಾಕಿದರೆ ನೀರು ಒಳಗೇ ಬರುವುದಿಲ್ಲ, ಹೊಸಬರು ಎಡವುವುದು ಇಲ್ಲೇ. ಗುಂಡಿಗೆ ಸುಮಾರು 300 ಗ್ರಾಂ ಕಳಿತ ಗೊಬ್ಬರ ಬೇಕು. ಹಸಿ ಸಗಣಿ ಹಾಕಿದರೆ ಸಸಿ ಸುಡುತ್ತದೆ. ಗೊಬ್ಬರಕ್ಕೆ ಬರುವ ಗೆದ್ದಲು ಗಟ್ಟಿ ನೆಲದಲ್ಲಿ ಬಿಲ ಕೊರೆದು ನೀರು ಇಂಗಿಸುತ್ತದೆ, ಅದಕ್ಕೆ ಔಷಧಿ ಹೊಡೆಯಬೇಡಿ ಎಂದು ಒತ್ತಿ ಹೇಳಿ. ಇದು ಹೆಪ್ಪುಗಟ್ಟಿದ ಗಟ್ಟಿ ನೆಲದ ಮದ್ದು. ಮರಳಿನಲ್ಲಿ ಗುಂಡಿ ಕುಸಿಯುತ್ತದೆ, ನೀರು ನಿಲ್ಲುವ ತಗ್ಗಿನಲ್ಲಿ ಬೇರು ಕೊಳೆಯುತ್ತದೆ. ಹಾವೇರಿ ಕಡೆಯ ಗುಳಿ ರಾಗಿ ನಿಮಗೆ ನೆನಪಾಗಬಹುದು. ಆದರೆ ಅಲ್ಲಿ ಗುಳಿ ಮುಖ್ಯವಾಗಿ ಅಂತರಕ್ಕೆ, ಇಲ್ಲಿ ನೀರು ಹಿಡಿಯುವುದಕ್ಕೆ. ಅಲ್ಲಿನ ಅಳತೆಯನ್ನು ಇಲ್ಲಿಗೆ ತರಬೇಡಿ.

ಗುಂಡಿ ತೋಡಿಸಿದ ಮೇಲೆ ಲೆಕ್ಕ ಹಾಕಿಸಿ. ಹೆಕ್ಟೇರಿಗೆ 10,000 ಗುಂಡಿ ಎಂದರೆ 3 ಟನ್ ಗೊಬ್ಬರ, ಕಡಿಮೆಯೆಂದರೂ 300 ಗಂಟೆ ದುಡಿಮೆ. ಒಬ್ಬರು ದಿನಕ್ಕೆ 5 ಗಂಟೆಯಂತೆ ತೋಡಿದರೆ 60 ದಿನ. ‘ಈ ವರ್ಷ ಸಾವಿರ ಹೆಕ್ಟೇರ್’ ಎಂಬ ಘೋಷಣೆಗಳು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಒಂದು ಮನೆಗೆ ಕಾಲು ಹೆಕ್ಟೇರಿನಿಂದ ಆರಂಭಿಸುವುದು ವಾಸಿ. ಗೊಬ್ಬರ ಎಲ್ಲಿಂದ? ಫುಲಾನಿ ದನಗಾಹಿಗಳು ಕೊಯ್ಲಾದ ಹೊಲದಲ್ಲಿ ಮಂದೆ ತರುಬುವ ಒಪ್ಪಂದವನ್ನು ಊರ ಮುಖಂಡರೇ ಮಾಡಿಸಬೇಕು. ಹಾಗಾಗಿ ದನಗಾಹಿಗಳ ಮುಖಂಡರೂ ನಿಮ್ಮ ತರಗತಿಯಲ್ಲಿರಲಿ.

ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಹಾಕುವ ಕಲ್ಲು ಬದುವಿಗೆ ದುಬಾರಿ ಉಪಕರಣ ಬೇಡ. ನಮ್ಮ ಗಾರೆ ಕೆಲಸದವರು ಮಟ್ಟ ನೋಡುವ ಟ್ಯೂಬ್ ಲೆವೆಲ್ ಸಾಕು: ನೀರು ತುಂಬಿದ 10–20 ಮೀಟರ್ ಪಾರದರ್ಶಕ ಪೈಪು, ಅಳತೆ ಗುರುತಿಸಿದ ಎರಡು ಕೋಲು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ, ಬದುವಿನ ತಗ್ಗಾದ ಕಡೆ ನೀರು ನುಗ್ಗಿ ಕೊರಕಲು ಬೀಳುತ್ತದೆ. ಪ್ರತಿಯೊಬ್ಬರೂ ಒಮ್ಮೆಯಾದರೂ ಕೋಲು ಹಿಡಿಯಲಿ.

ಮರದ ವಿಷಯಕ್ಕೆ ಎರಡು ಪೂರ್ತಿ ದಿನ ಇಡಿ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಅವರು ನೈಜರ್‌ನ ಮರಾಡಿ ಪ್ರದೇಶದಲ್ಲಿ ರೈತರ ಜೊತೆ ಬೆಳೆಸಿದ ಪದ್ಧತಿಯಲ್ಲಿ ಸಸಿ ನೆಡುವುದೇ ಇಲ್ಲ. ಹೊಲದಲ್ಲಿ ಉಳಿದ ಬೊಡ್ಡೆಯ ಚಿಗುರುಗಳಲ್ಲಿ ನೆಟ್ಟಗಿರುವ ಮೂರರಿಂದ ಐದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿ, ಉಳಿಸಿದವುಗಳ ಕೆಳಗಿನ ಅರ್ಧ ಎತ್ತರದವರೆಗೆ ಪಕ್ಕದ ಕೊಂಬೆ ತೆಗೆಯುತ್ತಾರೆ. ಹರಿತವಾದ ಕತ್ತಿಯಿಂದ ಕೆಳಗಿನಿಂದ ಮೇಲಕ್ಕೆ ಕಡಿಯಬೇಕು, ಇಲ್ಲದಿದ್ದರೆ ತೊಗಟೆ ಸಿಗಿದು ರೋಗ ಹತ್ತುತ್ತದೆ. ‘ಗಾವೊ’ ಮರವನ್ನು (ಜಾಲಿಯ ಜಾತಿಗೆ ಹತ್ತಿರದ ಫೈಡರ್ಬಿಯಾ ಆಲ್ಬಿಡಾ) ಮರೆಯಬೇಡಿ: ಮಳೆಗಾಲದಲ್ಲಿ ಎಲೆ ಉದುರಿಸುವುದರಿಂದ ಬೆಳೆಗೆ ನೆರಳಾಗದು, ಉದುರಿದ ಎಲೆ ನೆಲಕ್ಕೆ ಗೊಬ್ಬರ.

ಇಲ್ಲಿ ಕತ್ತಿ ಹಿಡಿಯುವುದಕ್ಕಿಂತ ದೊಡ್ಡ ವಿಷಯ ಹಕ್ಕು. ಹೊಲದ ಮರವೂ ಸರ್ಕಾರದ್ದು ಎಂಬ ಭಯವಿದ್ದಷ್ಟು ಕಾಲ ರೈತರು ಚಿಗುರನ್ನೇ ಕಿತ್ತು ಹಾಕುತ್ತಿದ್ದರು. ಈ ಪದ್ಧತಿಗೆಂದೇ ನೈಜರ್ 2020ರಲ್ಲಿ ಆದೇಶ ಹೊರಡಿಸಿತು. ಅರಣ್ಯ ಅಧಿಕಾರಿಯನ್ನು ಕೂರಿಸಿಕೊಂಡು ಅದನ್ನು ಹೌಸಾದಲ್ಲಿ ಓದಿಸಿ, ಕಡಿದ ಕೊಂಬೆ ಯಾರಿಗೆ ಸೇರುತ್ತದೆ, ಕದ್ದರೆ ದಂಡ ಎಷ್ಟು ಎಂದು ಊರೂರಿಗೂ ಬರೆಸಿ. ಸೌದೆ ಹೊರುವವರು ಹೆಂಗಸರು. ಅವರಿಲ್ಲದೆ ಮಾಡಿದ ಕಟ್ಟಳೆ ಉಳಿಯುವುದಿಲ್ಲ.

ತರಬೇತಿ ಜನವರಿ–ಫೆಬ್ರುವರಿಯಲ್ಲಿರಲಿ. ಗುಂಡಿ ತೋಡುವುದು ಒಣ ಕಾಲದಲ್ಲಿ, ಜೂನ್‌ನಲ್ಲಿ ಕಲಿಸಿದರೆ ಒಂದು ವರ್ಷ ಹೋಯಿತು. ರಂಜಾನ್ ಉಪವಾಸದ ದಿನಗಳನ್ನು ತಪ್ಪಿಸಿ. ಜುಲೈನಲ್ಲಿ ದೊಡ್ಡ ಮಳೆ ಬಿದ್ದ ವಾರವೇ ಮತ್ತೆ ಹೋಗಿ ಒಡೆದ ಬದುಗಳನ್ನು ಅವರ ಜೊತೆ ನೋಡಲು ಬೇಕಾದ ಪ್ರಯಾಣದ ಹಣವನ್ನು ಈಗಲೇ ಬಜೆಟ್ಟಿನಲ್ಲಿ ಎತ್ತಿಡಿ.