ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಮಾಡುವಾಗ ಮಫ್ಲರ್ ಸುತ್ತಿದ ಗಲ್ಲ, ಕತ್ತು ಕೆಂಪಾಗಿ ಉರಿಯುತ್ತದೆ, ತಡೆಯುವುದು ಹೇಗೆ?
ಗುಲ್ಮಾರ್ಗ್‌ನಲ್ಲಿ ನಿಮಗಾದ ಉರಿಗೆ ಚಳಿಗಿಂತ ಒದ್ದೆ ಬಟ್ಟೆಯೇ ಹೆಚ್ಚು ಕಾರಣವಾಗಿರಬಹುದು. ಉಸಿರಿನ ತೇವ ಬಾಯಿಯೆದುರಿನ ಉಣ್ಣೆಯಲ್ಲಿ ನಿಂತು, ಹೆಪ್ಪುಗಟ್ಟಿ, ಗಡುಸಾದ ಆ ಅಂಚು ತಲೆ ತಿರುಗಿಸಿದಾಗಲೆಲ್ಲ ಒಣಗಿದ ಚರ್ಮವನ್ನು ಉಜ್ಜುತ್ತದೆ. ಡಿಸೆಂಬರ್ ಮುಂಜಾನೆ ಮಂಕಿ ಕ್ಯಾಪ್ ಹಾಕಿಕೊಂಡು ಬೈಕಿನಲ್ಲಿ ಮುಳ್ಳಯ್ಯನಗಿರಿ ಹತ್ತುವ ನಮ್ಮ ಚಿಕ್ಕಮಗಳೂರಿನವರಿಗೂ ಇದು ಸ್ವಲ್ಪ ಗೊತ್ತು. ಇಲ್ಲಿ ಆ ತೇವ ಮಂಜುಗಡ್ಡೆಯಾಗುವುದಿಲ್ಲ, ಅಷ್ಟೆ.

ಒರಟು ಉಣ್ಣೆಯ ಬದಲು ನಯವಾದ ಮೆರಿನೊ ಕುರಿಯ ಉಣ್ಣೆಯ ಅಥವಾ ಬೇಗ ಒಣಗುವ ಪಾಲಿಯೆಸ್ಟರ್‌ನ ಎರಡು ಮಫ್ಲರ್‌ಗಳನ್ನು ಒಯ್ದು, ಒಂದು ಒದ್ದೆಯಾದೊಡನೆ ಬದಲಿಸಿ. ಸೋಪಿನಪುಡಿಯ ಅಂಶ ಉಳಿದರೂ ಕೆರೆತವಾಗುವುದರಿಂದ, ಒಗೆದ ಮೇಲೆ ಎರಡು ನೀರಿನಲ್ಲಿ ಜಾಲಿಸಿ. ಹೊರಡುವ ಮೊದಲು ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ಉಜ್ಜುವ ಜಾಗಕ್ಕೆ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಬಾಟಲಿಯಲ್ಲೇ ಗಟ್ಟಿಯಾಗುವುದರಿಂದ ಅಲ್ಲಿ ಅದನ್ನು ನೆಚ್ಚಬೇಡಿ.