ಮನೆಯಲ್ಲಿ ಬೆಂಚ್ ಪ್ರೆಸ್: ಎದೆ ಮತ್ತು ಹೆಗಲಿನ ನೋವು

ಪ್ರಶ್ನೆ: ನನಗೆ 36 ವರ್ಷ. ದಿನವಿಡೀ ಕುಳಿತು ಮಾಡುವ ಕೆಲಸ. ಜಿಮ್‌ಗೆ ಹೋಗಲು ಸಮಯವಾಗದ ಕಾರಣ ನಾಲ್ಕು ತಿಂಗಳ ಹಿಂದೆ ಮನೆಗೇ ಬೆಂಚು, ರಾಡು, ಪ್ಲೇಟುಗಳನ್ನು ತರಿಸಿಕೊಂಡು, ವಿಡಿಯೊ ನೋಡಿ ಕಲಿತು, ವಾರಕ್ಕೆ ಐದು ದಿನ ಒಬ್ಬನೇ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ರಾಡನ್ನು ಎದೆಯ ಮಟ್ಟದಿಂದ ಮೇಲಕ್ಕೆ ತಳ್ಳುವ ವ್ಯಾಯಾಮ) ಮಾಡುತ್ತಿದ್ದೇನೆ. 30 ಕೆ.ಜಿ.ಯಿಂದ ಆರಂಭಿಸಿ ಈಗ 60 ಕೆ.ಜಿ. ಎತ್ತುತ್ತೇನೆ. ಒಂದು ತಿಂಗಳಿನಿಂದ ಎಡ ಹೆಗಲಿನ ಮುಂಭಾಗದಲ್ಲಿ ನೋವಿದೆ. ಅಂಗಿ ತೊಡುವಾಗ, ಎಡಮಗ್ಗುಲಾಗಿ ಮಲಗಿದಾಗ ಹೆಚ್ಚುತ್ತದೆ. ಎದೆಯ ನಡುವೆಯೂ ನೋವಿದ್ದು, ಒತ್ತಿದರೆ ಜಾಸ್ತಿಯಾಗುತ್ತದೆ. ತಂದೆಯವರಿಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರಿಂದ ಭಯವಾಗುತ್ತಿದೆ. ಸದ್ಯ ನೋವಿನ ಮಾತ್ರೆ ನುಂಗಿ ವ್ಯಾಯಾಮ ಮುಂದುವರಿಸಿದ್ದೇನೆ. ಇದು ಹೃದಯದ ತೊಂದರೆಯೇ? ಬೆಂಚ್ ಪ್ರೆಸ್ ಬಿಟ್ಟುಬಿಡಬೇಕೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಎರಡೂ ನೋವುಗಳು ವ್ಯಾಯಾಮದಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಆದರೂ ಮೊದಲು ಹೃದಯದ ಪ್ರಶ್ನೆ ಇತ್ಯರ್ಥವಾಗಲಿ. ಅಲ್ಲಿಯವರೆಗೆ ರಾಡನ್ನು ಮುಟ್ಟಬೇಡಿ. ಬೆರಳಿನಿಂದ ಒತ್ತಿದಾಗ ಅಥವಾ ಕೈ ಎತ್ತಿದಾಗ ಕಾಣಿಸಿಕೊಳ್ಳುವ ನೋವು ಸಾಮಾನ್ಯವಾಗಿ ಎದೆಗೂಡಿನದು. ಹೃದಯದ ನೋವು ಹೆಚ್ಚಾಗಿ ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ಎದೆ ಬಿಗಿದಂತೆ ಅಥವಾ ಭಾರ ಹೇರಿದಂತೆ ಆರಂಭವಾಗಿ, ನಿಂತು ಸುಧಾರಿಸಿಕೊಂಡರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಒತ್ತಿದರೆ ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ಹೃದಯದ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ತಂದೆಗೆ 55 ವರ್ಷದೊಳಗೆ ಹೃದಯಾಘಾತವಾಗಿದ್ದರೆ ಅದನ್ನು ಮಕ್ಕಳ ಪಾಲಿಗೂ ಅಪಾಯದ ಅಂಶವೆಂದೇ ವೈದ್ಯರು ಪರಿಗಣಿಸುತ್ತಾರೆ. ಆದ್ದರಿಂದ ಈ ವಾರವೇ ಇಸಿಜಿ ಮಾಡಿಸಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಮಲಗಿದ ಸ್ಥಿತಿಯಲ್ಲಿ ತೆಗೆದ ಇಸಿಜಿ ಸರಿಯಾಗಿದ್ದರೂ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ಸೂಚಿಸಿದರೆ ಅದನ್ನು ತಪ್ಪಿಸಬೇಡಿ. ನೋವಿನ ಜೊತೆಗೆ ತಣ್ಣನೆಯ ಬೆವರು, ಉಸಿರುಕಟ್ಟುವಿಕೆ, ದವಡೆಗೆ ಅಥವಾ ತೋಳಿಗೆ ಹರಡುವ ಸೆಳೆತ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಈಗ ಹೆಗಲಿನ ವಿಚಾರ. ಭುಜದ ಕೀಲನ್ನು ನಾಲ್ಕು ಸಣ್ಣ ಸ್ನಾಯುಗಳ ಗುಂಪೊಂದು ಗೂಡಿನಲ್ಲಿ ಹಿಡಿದಿಟ್ಟಿರುತ್ತದೆ. ಅವುಗಳಲ್ಲೊಂದರ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಭುಜದ ತುದಿಯ ಮೂಳೆಯ ಕೆಳಗಿನ ಇಕ್ಕಟ್ಟಾದ ಸಂದಿಯಲ್ಲಿ ಹಾದುಹೋಗುತ್ತದೆ. ರಾಡನ್ನು ಕೊರಳಿನ ಸಮೀಪಕ್ಕೆ ಇಳಿಸುತ್ತಾ ಮೊಣಕೈಗಳನ್ನು ದೇಹಕ್ಕೆ ಲಂಬಕೋನದಲ್ಲಿ ಅಗಲಿಸಿದರೆ ಈ ಸಂದಿ ಇನ್ನಷ್ಟು ಕಿರಿದಾಗಿ, ಪ್ರತಿ ಸಲವೂ ರಜ್ಜು ಉಜ್ಜಿ ಕೆರಳುತ್ತದೆ. ಅಂಗಿ ತೊಡುವಾಗ, ಆ ಮಗ್ಗುಲಿಗೆ ಮಲಗಿದಾಗ ನೋಯುವುದು ಇದರ ಸಾಮಾನ್ಯ ಲಕ್ಷಣ. ಇನ್ನೊಂದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು: ಎಡಗೈಯನ್ನು ಎದೆಯ ಮುಂದಿನಿಂದ ಬಲ ಹೆಗಲಿನತ್ತ ಎಳೆದಾಗ ಭುಜದ ನೆತ್ತಿಯಲ್ಲಿ, ಅಂದರೆ ಕಾಲರ್ ಮೂಳೆ ಮುಗಿಯುವ ಜಾಗದಲ್ಲಿ ನೋವಾದರೆ ಅಲ್ಲಿನ ಪುಟ್ಟ ಕೀಲು ಪೆಟ್ಟು ತಿಂದಿರಬಹುದು. ಭಾರ ಎತ್ತುವವರಲ್ಲಿ ಆ ಮೂಳೆಯ ತುದಿಯೇ ಸವೆಯುವುದುಂಟು. ಅದು ಎಕ್ಸ್‌ರೇಯಲ್ಲಿ ತಿಳಿಯುತ್ತದೆ.

ಎದೆಯ ನಡುವಿನ ನೋವು ಬಹುಶಃ ಪಕ್ಕೆಲುಬುಗಳು ಎದೆಮೂಳೆಗೆ ಸೇರುವ ಮೃದ್ವಸ್ಥಿಯ ಉರಿಯೂತ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುತ್ತದೆ.

ಎರಡು ನೋವುಗಳಿಗೂ ಮೂಲ ಒಂದೇ ಎಂದು ನನ್ನ ಅಭಿಪ್ರಾಯ. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ, ಆದರೆ ರಜ್ಜು ಮತ್ತು ಮೃದ್ವಸ್ಥಿಗಳಿಗೆ ರಕ್ತಸಂಚಾರ ಕಡಿಮೆಯಿರುವುದರಿಂದ ಅವು ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳೇ ಬೇಕು. ನಾಲ್ಕೇ ತಿಂಗಳಲ್ಲಿ ತೂಕವನ್ನು ದುಪ್ಪಟ್ಟು ಮಾಡಿ, ವಾರಕ್ಕೆ ಐದು ದಿನ ಅದೇ ಚಲನೆಯನ್ನು ಮಾಡಿದಾಗ ಎದೆಯ ಸ್ನಾಯು ತಾಳಿಕೊಂಡಿತು, ಉಳಿದವು ತಾಳಿಕೊಳ್ಳಲಿಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಹೆಗಲು ಬಾಗಿಸಿ ಕೂರುವವರಾದರೆ ಭುಜ ಮೊದಲೇ ಮುಂದಕ್ಕೆ ಜಾರಿರುತ್ತದೆ. ತಳ್ಳುವ ವ್ಯಾಯಾಮವನ್ನಷ್ಟೇ ಮಾಡಿ ಎಳೆಯುವ ವ್ಯಾಯಾಮವನ್ನು ಬಿಟ್ಟರೆ ಆ ಅಸಮತೋಲ ಹೆಚ್ಚುತ್ತದೆ. ನಮ್ಮ ಗರಡಿಮನೆಗಳಲ್ಲಿ ದಂಡದ ಜೊತೆಗೆ ಗದೆ ತಿರುಗಿಸುವ ಸಾಧನೆಯೂ ಇದ್ದುದರಿಂದ ಹೆಗಲು ಎಲ್ಲ ದಿಕ್ಕಿಗೂ ದುಡಿಯುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ನೋವಿನ ಮಾತ್ರೆ ನುಂಗಿ ಭಾರ ಎತ್ತುವುದನ್ನು ಇಂದೇ ನಿಲ್ಲಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳು ಎಚ್ಚರಿಕೆಯನ್ನು ಅಡಗಿಸುವುದಲ್ಲದೆ, ದಿನವೂ ಸೇವಿಸಿದರೆ ಜಠರಕ್ಕೆ, ಮೂತ್ರಪಿಂಡಕ್ಕೆ, ಹೃದಯಕ್ಕೂ ಹಾನಿ ಮಾಡಬಲ್ಲವು.

ಬೆಂಚ್ ಪ್ರೆಸ್ಸನ್ನು ಶಾಶ್ವತವಾಗಿ ಬಿಡಬೇಕಾಗಿಲ್ಲ. ಎರಡು-ಮೂರು ವಾರ ನಿಲ್ಲಿಸಿ, ಆದರೆ ಕೈಯನ್ನು ಪೂರ್ತಿ ನಿಶ್ಚಲವಾಗಿಡಬೇಡಿ. ನೋವಿಲ್ಲದಷ್ಟು ದೂರ ಭುಜವನ್ನು ಆಡಿಸುತ್ತಿರಿ. ಮೊಣಕೈಯನ್ನು ಪಕ್ಕೆಗೆ ತಾಗಿಸಿ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು, ಡಂಬೆಲ್ಲನ್ನು ಸೊಂಟದತ್ತ ಎಳೆಯುವುದು, ನಂತರ ಗೋಡೆಗೆ ಕೈಯೂರಿ ತಳ್ಳುವುದು, ಈ ಕ್ರಮದಲ್ಲಿ ಸಾಗಿ. ಮರಳುವಾಗ ಮೊದಲು ನೆಲದ ಮೇಲೆ ಮಲಗಿ, ಹಗುರವಾದ ಡಂಬೆಲ್‌ಗಳಿಂದ ಮಾಡಿ. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಅತಿಯಾಗಿ ಹಿಂದಕ್ಕೆ ಹೋಗುವುದಿಲ್ಲ. ಬೆಂಚಿಗೆ ಬಂದಾಗ ಹಳೆಯ ತೂಕದ ಅರ್ಧದಿಂದ ತೊಡಗಿ, ವಾರಕ್ಕೆ ಎರಡೇ ದಿನ ಮಾಡಿ. ಬೆನ್ನಿನ ಹಲಗೆಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ ಸೆಳೆದು ಬೆಂಚಿಗೆ ಒತ್ತಿಕೊಳ್ಳಿ, ಮೊಣಕೈಗಳು ದೇಹದಿಂದ ಸುಮಾರು 45 ಡಿಗ್ರಿಯಲ್ಲಿರಲಿ, ರಾಡು ಮೊಲೆತೊಟ್ಟುಗಳ ಮಟ್ಟಕ್ಕೆ ಅಥವಾ ತುಸು ಕೆಳಕ್ಕೆ ಇಳಿಯಲಿ. ಹಿಡಿತ ಭುಜದ ಅಗಲದ ಒಂದೂವರೆ ಪಟ್ಟನ್ನು ಮೀರದಿರಲಿ, ಹೆಬ್ಬೆರಳು ರಾಡನ್ನು ಸುತ್ತಿರಲಿ. ಮೇಲಕ್ಕೆ ತಳ್ಳುವಾಗ ಉಸಿರು ಬಿಡಿ. ಪಕ್ಕದಲ್ಲಿ ರಾಡು ಹಿಡಿಯುವವರಾಗಲೀ ಬೆಂಚಿಗೆ ಸುರಕ್ಷತಾ ಕಂಬಿಗಳಾಗಲೀ ಇಲ್ಲದಿದ್ದಾಗ ರಾಡು ಬಿಟ್ಟು ಡಂಬೆಲ್‌ಗಳಲ್ಲೇ ಮಾಡುವುದು ಒಳಿತು. ಎತ್ತಲಾಗದ ರಾಡು ಕೊರಳಿನ ಮೇಲೆ ಕುಸಿದು ಪ್ರಾಣ ಹೋದ ಪ್ರಸಂಗಗಳಿವೆ.

ಆರು ವಾರಗಳಲ್ಲಿ ನೋವು ಇಳಿಯದಿದ್ದರೆ, ಕೈ ಜೋಮು ಹಿಡಿದರೆ, ತೋಳನ್ನು ಮೇಲೆತ್ತಲಾಗದಿದ್ದರೆ ಮೂಳೆತಜ್ಞರನ್ನು ಕಾಣಿ. ಭಾರ ಎತ್ತುವಾಗ ಕಂಕುಳಿನ ಬಳಿ ‘ಟಪ್’ ಎಂದು ಹರಿದಂತಾಗಿ, ತೋಳು ನೀಲಿಗಟ್ಟಿ, ಎದೆಯ ಆಕಾರ ಒಂದು ಬದಿಗೆ ಬದಲಾದರೆ ಆರು ವಾರ ಕಾಯುವಂತಿಲ್ಲ. ಎದೆಯ ಸ್ನಾಯು ಮೂಳೆಯಿಂದ ಕಿತ್ತುಬಂದಿರುವಾಗ ಶಸ್ತ್ರಚಿಕಿತ್ಸೆಯನ್ನು ಮೊದಲ ಕೆಲವು ವಾರಗಳಲ್ಲೇ ಮಾಡಿದರೆ ಫಲಿತಾಂಶ ಉತ್ತಮವಾಗಿರುತ್ತದೆಯಾದ್ದರಿಂದ, ಮರುದಿನವೇ ತೋರಿಸಿಕೊಳ್ಳಿ.